ಬಿಯರ್ ಗೋದಾಮಿನಲ್ಲಿ ಟಗರಿನ ಹರಾಜು

ಸಹಾಯಾರ್ಥ ಕಾರ್ಯಕ್ರಮ ಮಾಡುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕುಡಿಯುವ ಜನರ ಹತ್ತಿರ ದುಡ್ಡು ಕೇಳುವುದಾದರೆ ಎರಡನೇ ಗ್ಲಾಸು ಮುಗಿದು ಮೂರನೆಯದು ಬರುವುದರೊಳಗೆ ಕೇಳಬೇಕು. ಮೊದಲನೆಯದರಲ್ಲಿ ಮನುಷ್ಯ ಇನ್ನೂ ಮನೆಯ ಲೆಕ್ಕದಲ್ಲೇ ಇರುತ್ತಾನೆ. ಮೂರು ದಾಟಿದರೆ ಲೋಕದಲ್ಲಿ ತನಗಿಂತ ಪಾಪದವನು ಇನ್ನೊಬ್ಬನಿಲ್ಲ ಅನ್ನಿಸಿ, ಜೇಬಿನ ಕಡೆ ಕೈಯೇ ಹೋಗುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ತಿಪಟೂರಿನ ಹೊರಗೆ ಹೆದ್ದಾರಿ ಪಕ್ಕದ ಬಿಯರ್ ಗೋದಾಮಿನಲ್ಲಿ, ಅಡುಗೆಮನೆ ಬಾಗಿಲಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತು ನೋಡಿ ಕಲಿತದ್ದು. ನಾನು ಕುಡಿಯುವುದಿಲ್ಲ. ಕುಡಿಯುವವರ ಜೊತೆ ವ್ಯಾಪಾರ ಮಾಡುವವಳು ಕುಡಿಯಬಾರದು. ಇದೂ ಒಂದು ಸಲಹೆಯೆಂದೇ ತಿಳಿಯಿರಿ.

ಅದು ಮೊದಲು ಕೊಬ್ಬರಿ ಗೋದಾಮು. ಹಳೆಯ ವರ್ತಕರ ಮನೆತನದ ಮಗನೊಬ್ಬ ಎಲ್ಲೆಲ್ಲೋ ಅಲೆದು ಬಿಯರ್ ಕಾಯಿಸುವುದನ್ನು ಕಲಿತು ಬಂದು, ತಂದೆಯ ಕೈಯಿಂದ ಗೋದಾಮನ್ನು ಬಿಡಿಸಿಕೊಂಡ. ಲೈಸೆನ್ಸಿಗೆ ಎಷ್ಟು ಬಾಗಿಲು ತಟ್ಟಿದನೋ ಅವನಿಗೇ ಗೊತ್ತು. ಗೋಡೆಗೆ ಸುಣ್ಣ ಹೊಡೆಸಿ, ದೊಡ್ಡ ದೊಡ್ಡ ಸ್ಟೀಲಿನ ಹಂಡೆಗಳನ್ನು ಗಾಜಿನ ಹಿಂದೆ ಸಾಲಾಗಿ ನಿಲ್ಲಿಸಿ, ಅಂಗಳದಲ್ಲಿ ಮರದ ಮೇಜು ಹಾಕಿಸಿದ. ಏನು ಮಾಡಿದರೂ ಕೊಬ್ಬರಿಯ ವಾಸನೆ ಮಾತ್ರ ಹೋಗಲಿಲ್ಲ. ಹಾಸನದಿಂದ ಕಾರಿನಲ್ಲಿ ಬಂದವರು ಅದು ಬಿಯರಿನದೇ ಪರಿಮಳ ಅಂದುಕೊಂಡು ಹೊಗಳುತ್ತಿದ್ದರು. ಮಾಲೀಕ ತಿದ್ದುತ್ತಿರಲಿಲ್ಲ. ಅವನ ಮೇಲೆ ನನಗೆ ಗೌರವ ಹುಟ್ಟಿದ್ದು ಅದಕ್ಕೇ.

ಗೋಧಿಯದೊಂದು, ರಾಗಿಯದೊಂದು, ತೆಂಗಿನ ಬೆಲ್ಲ ಹಾಕಿದ ಕಪ್ಪು ಬಿಯರ್ ಒಂದು. ಆ ಕಪ್ಪು ಬಿಯರಿಗೆ ಬೆಲ್ಲ ಕೊಡುವವಳು ನಾನು. ಹೊನ್ನವಳ್ಳಿ ರಸ್ತೆಯಲ್ಲಿ ನನ್ನದೊಂದು ಶೆಡ್ಡಿದೆ. ತೆಂಗಿನ ಹೊಂಬಾಳೆ ಕೊಯ್ದು ಇಳಿಸುವ ಸಿಹಿ ನೀರು ನೀರಾ, ಅದನ್ನು ಹುಳಿಯಾಗುವ ಮೊದಲೇ ಕಾಯಿಸಿ ಬೆಲ್ಲ ಮಾಡುತ್ತೇವೆ. ಅದಕ್ಕೂ ಮುಂಚೆ ನಾನು ಗರಿಯ ಕಡ್ಡಿ ಸೀಳಿ, ಪೊರಕೆ ಕಟ್ಟಿ, ತುರುವೇಕೆರೆ ಸಂತೆಯಲ್ಲಿ ನೆಲದ ಮೇಲೆ ಕೂತು ಮಾರುತ್ತಿದ್ದವಳು. ಪೊರಕೆ ಮಾರಿದವಳಿಗೆ ಯಾವ ವ್ಯಾಪಾರವೂ ಕಷ್ಟವಲ್ಲ. ಪೊರಕೆ ಕೊಳ್ಳುವಷ್ಟು ಜಿಪುಣತನದಿಂದ ಜನ ಬಂಗಾರವನ್ನೂ ಕೊಳ್ಳುವುದಿಲ್ಲ.

ಮಾಲೀಕ ಮೊದಲ ಸಲ ಬಂದು ಬೆಲ್ಲದ ರೇಟು ಕೇಳಿದಾಗ ನಾನು ಹೇಳಲಿಲ್ಲ. "ನೀನು ಬಿಯರ್ ಎಷ್ಟಕ್ಕೆ ಮಾರ್ತೀಯ, ಅದು ಹೇಳಪ್ಪ ಮೊದ್ಲು" ಅಂದೆ. ಅವನು ನಗುತ್ತಾ ಹೇಳಿಬಿಟ್ಟ. ಅಲ್ಲಿಗೆ ಅವನ ಕಥೆ ಮುಗಿಯಿತು. ಎದುರಿನವನ ಲಾಭ ತಿಳಿಯದೆ ನಿಮ್ಮ ಬೆಲೆ ಬಾಯಿಬಿಡಬೇಡಿ.

ಗೋದಾಮು ಹೆಸರು ಮಾಡಿದ್ದು ಬಿಯರಿಗಿಂತ ಹೆಚ್ಚಾಗಿ ಭಾನುವಾರದ ಸಹಾಯಾರ್ಥ ಕಾರ್ಯಕ್ರಮಗಳಿಗೆ. ತಿಂಗಳಿಗೊಂದು ಸಲ, ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಶುರು. ತೋಟದ ಸಾಹುಕಾರರು, ಕೊಬ್ಬರಿ ವರ್ತಕರು, ವಕೀಲರು, ಕುರಿ ವ್ಯಾಪಾರಿಗಳು, ತುಮಕೂರಿನಿಂದ ಹೆಂಡತಿಯರ ಸಮೇತ ಬರುವವರು, ಎಲ್ಲ ಸೇರಿ ಒಂದು ಬಳಗವೇ ಆಗಿತ್ತು. ಒಂದು ಸಲ ಶಾಲೆಯ ಛಾವಣಿಗೆ, ಇನ್ನೊಂದು ಸಲ ಹುಳಿಯಾರು ಕಡೆಯ ಯಾರದೋ ಆಪರೇಷನ್ನಿಗೆ. ಹರಾಜು, ಹಾಡು, ಊಟ. ಒಂದು ಪದ್ಧತಿ ಕಡ್ಡಾಯ: ಸಹಾಯ ಪಡೆಯುವವರೇ ನಲ್ಲಿ ತಿರುಗಿಸಿ ಮೊದಲ ಗ್ಲಾಸು ತುಂಬಿಸಿ ಕೊಡಬೇಕು, ಆಮೇಲೆ ಸ್ಟೇಜಿನ ಮೇಲೆ ನಿಂತು ತಮ್ಮ ಕಷ್ಟ ಹೇಳಬೇಕು.

ಮಗಳ ಹೃದಯದ ಆಪರೇಷನ್ನಿಗೆಂದು ಬಂದಿದ್ದ ಒಬ್ಬ ತಾಯಿಯ ಸರದಿ ಬಂದಾಗ ಮೈಕ್ ಕೆಟ್ಟಿತ್ತು. ಅವಳು ಪೂರ್ತಿ ಹೇಳಿ ಮುಗಿಸಿದ ಮೇಲೆ ಹಿಂದಿನ ಮೇಜಿನವರು ಕೇಳಿಸಲಿಲ್ಲ ಅಂದರು. ಮತ್ತೆ ಹೇಳಿಸಿದರು. ಆಗಲೂ ಮೈಕ್ ಕರಕರ ಅಂದಿತು. ಇನ್ನೊಮ್ಮೆ ಹೇಳಿಸಿದರು. ಮೊದಲ ಸಲ ಬಿಕ್ಕಿದ್ದಳು, ಎರಡನೇ ಸಲ ಕಣ್ಣೊರೆಸಿಕೊಂಡಳು, ಕೊನೆಗೆ ಬಸ್ಸಿನ ಟೈಮು ಹೇಳುವ ಹಾಗೆ ಹೇಳಿ ಮುಗಿಸಿದಳು. ಅವತ್ತು ಕಾಣಿಕೆಯ ಡಬ್ಬಿ ತುಂಬಲಿಲ್ಲ. ಮಾಲೀಕ ನನ್ನ ಹತ್ತಿರ ಬಂದು, "ಅಳು ಎಲ್ಲ ಮೊದಲನೇ ಸಲಕ್ಕೇ ಖರ್ಚಾಗೋಯ್ತು ಕಣಕ್ಕ" ಅಂದ. ದುಃಖದಿಂದಲೇ ಅಂದ. ಮಾರನೇ ವಾರ ಹೊಸ ಮೈಕ್ ತಂದ.

ನನ್ನ ಶೆಡ್ಡಿಗೆ ನೀರಾ ಇಳಿಸುತ್ತಿದ್ದವನು ಮರದಿಂದ ಬಿದ್ದದ್ದು ಆ ವರ್ಷವೇ.

ಮಳೆ ಹನಿದಿದ್ದ ಬೆಳಗ್ಗೆ ಹತ್ತಬೇಡ ಅಂದಿದ್ದೆ. ಹೊಂಬಾಳೆಗೆ ಕಟ್ಟಿದ ಮಡಕೆ ತುಂಬಿ ಹರಿಯುತ್ತದೆ ಅಂತ ಹತ್ತಿದ. ಬದುವಿನ ಮೇಲೆ ಬಲಗಡೆ ಭುಜ ಊರಿ ಬಿದ್ದ. ಒಂದು ಕಾಲು ಮುರಿಯಿತು. ತುಮಕೂರಿನ ಡಾಕ್ಟರು ಕಾಲು ಕೂಡಿಸಿದರು. ಕುಂಟಿಕೊಂಡು ಓಡಾಡುವ ಹಾಗಾದ. ಭುಜದ ನರ ಮಾತ್ರ ಕೂಡಲಿಲ್ಲ. ಬಲಗೈ ನೋಡಲು ಚೆನ್ನಾಗಿಯೇ ಇತ್ತು. ಬೆರಳು ಮಡಚುತ್ತಿತ್ತು, ಚೊಂಬು ಎತ್ತುತ್ತಿತ್ತು. ಆದರೆ ಮುಂಗೈಯಿಂದ ಕೆಳಗೆ ಏನು ತಗುಲಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಬಂದರೆ ಬರಬಹುದು, ಇಲ್ಲದಿದ್ದರೆ ಇಲ್ಲ ಅಂದಿದ್ದರಂತೆ ಡಾಕ್ಟರು.

ಇದನ್ನು ನನಗೆ ಹೇಳಿದವಳು ಅವನ ಹೆಂಡತಿ. ಬೆಲ್ಲದ ಅಚ್ಚು ತೊಳೆಯುತ್ತಾ, ತಲೆ ಎತ್ತದೆ ಹೇಳಿದಳು.

"ನೆನ್ನೆ ಒಲೆ ಮುಂದೆ ಕೂತ್ಕೊಂಡು ಮಾತಾಡ್ತಾ ಹೆಂಚಿನ ಮ್ಯಾಲೆ ಕೈ ಊರವ್ನೆ ಕಣಕ್ಕ. ನಾನು ರೊಟ್ಟಿ ಸೀದೋಯ್ತು ಅಂದ್ಕೊಂಡೆ."

"ಯಾರಿಗೆಲ್ಲ ಗೊತ್ತು ಇದು?"

"ನಂಗೆ, ನಿಮ್ಗೆ."

"ಅಷ್ಟೇ ಇರ್ಲಿ" ಅಂದೆ.

ಯಾಕೆ ಹಾಗೆಂದೆ ಅನ್ನುವುದನ್ನು ಹೇಳುತ್ತೇನೆ. ಆ ತಿಂಗಳ ಕಾರ್ಯಕ್ರಮ ಇವನ ಹೆಸರಲ್ಲಿ ಅಂತ ಮಾಲೀಕ ತೀರ್ಮಾನ ಮಾಡಿದ್ದ. ಬರುವ ಸಹಾಯದ ದುಡ್ಡು ಆಸ್ಪತ್ರೆಯ ಖರ್ಚಿಗೇ ಸಾಲುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಬೆಲೆ ಇದ್ದದ್ದು ಮಾಲೀಕನ ಇನ್ನೊಂದು ಮಾತಿಗೆ. "ಮರ ಹತ್ತೋದಂತೂ ಮುಗೀತಲ್ಲಕ್ಕ ಅವನದು. ನಮ್ಮ ಹಂಡೆ ಮನೇಲಿ ಒಂದು ಜಾಗ ಖಾಲಿ ಐತೆ, ಕಾಯಂ ಕೆಲಸ. ಕುಂಟಿದ್ರೂ ನಡೀತದೆ. ಕೈ ಎರಡೂ ಸರಿಯಿರ್ಬೇಕು, ಎಲ್ಲಾ ಬಿಸಿನೀರಿಂದು, ಆವೀದು. ಭಾನುವಾರ ಸ್ಟೇಜ್ ಮೇಲೆ ನಾನೇ ಹೇಳ್ತೀನಿ" ಅಂದಿದ್ದ. ಇರುವುದು ಒಂದೇ ಜಾಗ. ಅದಕ್ಕೆ ಕೇಳಿಕೊಂಡು ಹೋದವರಲ್ಲಿ ಇವನ ಸ್ವಂತ ತಮ್ಮನೂ ಒಬ್ಬ. ನಾರಿನ ಕಾರ್ಖಾನೆಯಲ್ಲಿ ಲೋಡ್ ಎತ್ತುವವನು, ಅಣ್ಣನ ಮನೆಗೆ ಅಂಟಿಕೊಂಡೇ ಮನೆ, ನಡುವೆ ಒಂದೇ ಗೋಡೆ.

ಗಂಡ ಹೆಂಡತಿ ಇಬ್ಬರನ್ನೂ ಶೆಡ್ಡಿಗೆ ಕರೆಸಿ ಕೂರಿಸಿಕೊಂಡು ಹೇಳಿದೆ. "ಕೈ ಸುದ್ದಿ ಎತ್ತಬ್ಯಾಡಿ. ಒಂದ್ಸಲ ಮಾಲೀಕ ಸ್ಟೇಜ್ ಮೇಲೆ ಕೆಲಸ ಕೊಟ್ಟೆ ಅಂದು ಜನ ಚಪ್ಪಾಳೆ ತಟ್ಟಿಬುಟ್ರೆ, ಆಮೇಲೆ ಅವನು ತೆಗೆಯೋಕಾಗಲ್ಲ. ಅಷ್ಟು ಜನದ ಮುಂದೆ ದೊಡ್ಡ ಮನುಷ್ಯ ಆದವನು ಚಿಕ್ಕವನಾಗಕ್ಕೆ ಒಪ್ಪಲ್ಲ. ಆಮೇಲೆ ರಬ್ಬರ್ ಗ್ಲೌಸು ಹಾಕ್ಕೊ, ಎಡಗೈಲಿ ಮುಟ್ಟಿ ನೋಡ್ಕೊಂಡು ಕೆಲಸ ಮಾಡು."

"ಬಿಸಿನೀರಿನ ಕೆಲಸ ಕಣಕ್ಕ" ಅಂದಳು ಹೆಂಡತಿ.

"ಗೊತ್ತು. ಕೆಲಸ ಇಲ್ಲದಿರೋದು ಅದಕ್ಕಿಂತ ಬಿಸಿ."

ಅವನು ಕೇಳಿದ, "ತಮ್ಮಂಗೂ ಹೇಳದು ಬ್ಯಾಡ್ವಾ?"

"ಎಲ್ರಿಗಿಂತ ಮೊದ್ಲು ಅವನಿಗೆ ಬ್ಯಾಡ."

ಆ ಸಲಹೆ ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಬೇರೆ ಯಾರೇ ಬಂದು ಕೇಳಿದರೂ ಅದನ್ನೇ ಹೇಳುತ್ತೇನೆ.

ಹರಾಜಿಗೆ ಅವನ ಕಡೆಯಿಂದಲೂ ಏನಾದರೂ ಇರಲಿ ಅಂತ ಮಾಲೀಕ ಕೇಳಿದ. ಸಹಾಯ ಪಡೆಯುವವನೇ ಏನಾದರೂ ಕೊಟ್ಟರೆ ನೋಡುವವರ ಮನಸ್ಸು ಕರಗುತ್ತದಂತೆ. ಮನೆಯಲ್ಲಿ ಕೊಡುವಂಥದ್ದು ಇದ್ದದ್ದು ಒಂದು ಟಗರು. ಮರಿಯಿಂದ ಸಾಕಿದ್ದು, ಕೊಂಬು ಎರಡು ಸುತ್ತು ಬಂದಿತ್ತು. ಹಾಸಿಗೆ ಹಿಡಿದಿದ್ದಷ್ಟು ದಿನವೂ ಅದನ್ನು ಮಂಚದ ಕಾಲಿಗೆ ಕಟ್ಟಿಸಿಕೊಂಡು ಮಾತಾಡಿಸುತ್ತಿದ್ದ. ಕೊಡು ಅಂತ ನಾನೇ ಹೇಳಿದೆ. ಕೆಲಸ ಸಿಗುವ ಕಡೆ ಟಗರು ಹೋದರೆ ನಷ್ಟವಲ್ಲ.

ಭಾನುವಾರ ಅಂಗಳ ತುಂಬಿತ್ತು. ಟಗರಿನ ಕೊಂಬಿಗೆ ಗೋದಾಮಿನ ಬಣ್ಣದ ರಿಬ್ಬನ್ ಕಟ್ಟಿ ಸ್ಟೇಜಿನ ಪಕ್ಕ ಗೂಟಕ್ಕೆ ಹಾಕಿದ್ದರು. ಯಾರೋ ಬಟ್ಟಲಿನಲ್ಲಿ ಕಪ್ಪು ಬಿಯರ್ ಹುಯ್ದು ಅದರ ಮೂತಿಗಿಟ್ಟರು. ಬೆಲ್ಲದ ವಾಸನೆಗೆ ಅದು ನೆಕ್ಕಿತು, ಇನ್ನಷ್ಟು ಹುಯ್ದರು, ಸ್ವಲ್ಪ ಹೊತ್ತಿಗೆ ಹಿಂಗಾಲು ತಡವರಿಸಿತು. ಎಲ್ಲರೂ ಫೋನ್ ಎತ್ತಿದರು. ಇವನು ನಲ್ಲಿಯ ಹತ್ತಿರ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನಿಂತು ನಗುತ್ತಿದ್ದ. ಮೊದಲ ಗ್ಲಾಸನ್ನು ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ನಲ್ಲಿ ತಿರುಗಿಸಿದ. ಚೆಲ್ಲಲಿಲ್ಲ. ಮನೆಯಲ್ಲಿ ನೀರಿನ ನಲ್ಲಿಯ ಮುಂದೆ ನಿಲ್ಲಿಸಿ ಹೆಂಡತಿ ಅಭ್ಯಾಸ ಮಾಡಿಸಿದ್ದಳು. ಸ್ಟೇಜಿನ ಮೇಲೆ ತನ್ನ ಕಷ್ಟವನ್ನೂ ಚೆನ್ನಾಗಿ ಹೇಳಿದ. ಹೊಸ ಮೈಕು, ಹಿಂದಿನವರಿಗೂ ಕೇಳಿಸಿತು. ಅಲ್ಲಿಯವರೆಗೆ ಎಲ್ಲ ನಾನು ಹೇಳಿದ ದಾರಿಯಲ್ಲೇ ಹೋಗುತ್ತಿತ್ತು.

ಹರಾಜು ಶುರುವಾಯಿತು. ಮಾಲೀಕ ಮೈಕ್ ಹಿಡಿದು ಟಗರಿನ ಬೆಲೆ ಕೂಗಿ ಅಂದ. ಮುಂದಿನ ಮೇಜಿನಿಂದ ಚಿಕ್ಕನಾಯಕನಹಳ್ಳಿ ಕಡೆಯ ಕುರಿ ವ್ಯಾಪಾರಿಯೊಬ್ಬ ಎದ್ದ. ಆ ಸೀಮೆಯ ಸಂತೆಗಳಲ್ಲೆಲ್ಲ ಅವನನ್ನು ಅರಿಯದವರಿಲ್ಲ. ಹೆಗಲ ಮೇಲಿನ ಟವಲ್ ತೆಗೆದು ಒದರಿದ.

"ಟಗರನ್ನ ಮೈಕಲ್ಲಿ ಕೂಗಿ ಮಾರ್ತಾರೇನ್ ಸ್ವಾಮಿ? ಇದೇನು ಪಾತ್ರೆನಾ, ಪಗಡಾನಾ? ಮಾರೋನು ಬರ್ಲಿ, ಟವಲ್ ಕೆಳ್ಗೆ ಕೈ ಕೊಡ್ಲಿ. ಪದ್ಧತಿ ಪ್ರಕಾರ ತಗೊಳನ."

ಬೇರೆ ಕಡೆಯವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ದನದ ಸಂತೆ, ಕುರಿ ಸಂತೆಗಳಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಬಲಗೈ ಕೂಡಿಸುತ್ತಾರೆ, ಮೇಲೆ ಟವಲ್ ಮುಚ್ಚುತ್ತಾರೆ. ಯಾವ ಬೆರಳು, ಎಷ್ಟು ಬೆರಳು ಹಿಡಿದು ಅಮುಕಿದ ಅನ್ನುವುದೇ ಬೆಲೆ. ಒಪ್ಪದಿದ್ದರೆ ಮಾರುವವನು ತಿರುಗಿಸಿ ಬೇರೆ ಬೆರಳು ಅಮುಕುತ್ತಾನೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಟವಲ್ ಎತ್ತಿದ ಮೇಲೆ ಮಾತು ಮುಗಿಯಿತು. ಬೆಲೆಯನ್ನು ಹೊರಗೆ ಆಡುವಂತಿಲ್ಲ, ಹಿಂದೆ ತೆಗೆಯುವಂತಿಲ್ಲ. ನಾನು ಇಷ್ಟು ವರ್ಷ ವ್ಯಾಪಾರ ಮಾಡಿದ್ದರೂ ಒಮ್ಮೆಯೂ ಟವಲ್ ಕೆಳಗೆ ಕೈ ಇಟ್ಟವಳಲ್ಲ. ಹೆಂಗಸಿನ ಬೆರಳು ಹಿಡಿಯಲು ಯಾವ ಗಂಡಸೂ ಒಪ್ಪುವುದಿಲ್ಲ, ಹಾಗಾಗಿ ನಾನು ಬಾಯಲ್ಲೇ ಗೆಲ್ಲಬೇಕಾಯಿತು.

ಮಾಲೀಕನಿಗೆ ಈ ಮಾತು ಕೇಳಿ ಹಬ್ಬ. "ಎಲ್ಲರೂ ಹತ್ರ ಬನ್ನಿ, ವಿಡಿಯೋ ಮಾಡ್ಕೊಳ್ಳಿ" ಅಂತ ಕರೆದ. ನಾನು ಸ್ಟೂಲಿನಿಂದ ಎದ್ದೆ.

"ಮೈಕಲ್ಲೇ ಕೂಗ್ರಪ್ಪ. ನಾಕು ಜನ ಪೈಪೋಟಿ ಮಾಡಿದ್ರೆ ಅವನಿಗೂ ನಾಕು ಕಾಸು ಜಾಸ್ತಿ ಬತ್ತೈತೆ."

"ಅಕ್ಕನಿಗೆ ಟವಲ್ ಕಂಡ್ರೆ ಹೊಟ್ಟೆಕಿಚ್ಚು" ಅಂದ ವ್ಯಾಪಾರಿ. ಮೇಜುಗಳೆಲ್ಲ ನಕ್ಕವು.

ಇವನು ಎಡಗೈ ಚಾಚಿದ. ಮುಂದೆ ನಿಂತಿದ್ದ ತಮ್ಮನೇ ತಡೆದ. "ಅಣ್ಣೋ, ಎಡಗೈ ಕೊಡ್ತಾರೇನ್ಲಾ? ಕುಡಿದಿರೋರು ನಾವು, ಅಮಲು ನಿಂಗೆ." ಮತ್ತೆ ನಗು. ಇವನು ಒಂದು ಸಲ ನನ್ನ ಕಡೆ ನೋಡಿದ. ಬಲಗೈ ಮುಂದಿಟ್ಟ. ಟವಲ್ ಮುಚ್ಚಿತು.

ಸಂತೆಯಲ್ಲಿ ಬೆಳೆದವಳು ನಾನು, ಟವಲನ್ನು ನೋಡುವುದಿಲ್ಲ, ಮುಖ ನೋಡುತ್ತೇನೆ. ವ್ಯಾಪಾರಿ ಮೊದಲು ಆಕಾಶ ನೋಡುತ್ತಾ ಅಮುಕಿದ. ಇವನು ಒಪ್ಪದವನ ಹಾಗೆ ತಲೆ ಆಡಿಸಿದ. ಅದು ಸರಿಯಾಗಿಯೇ ಇತ್ತು, ಮೊದಲ ಬೆಲೆಗೆ ಯಾರೂ ಒಪ್ಪುವುದಿಲ್ಲ. ವ್ಯಾಪಾರಿ ಇನ್ನೊಮ್ಮೆ ಅಮುಕಿದ. ಈಗ ಇವನು ತನ್ನ ಬೆಲೆ ಹೇಳಬೇಕು. ಟವಲ್ ಕೆಳಗೆ ಕೈ ಅಲ್ಲಾಡಿತು. ವ್ಯಾಪಾರಿಯ ದೃಷ್ಟಿ ಆಕಾಶದಿಂದ ಇಳಿದು ಇವನ ಮುಖದ ಮೇಲೆ ನಿಂತಿತು. ತಾನು ಯಾವ ಬೆರಳನ್ನು ಹಿಡಿದಿದ್ದೇನೆ, ಹಿಡಿದಿದ್ದೇನೋ ಇಲ್ಲವೋ ಎಂಬುದೇ ಇವನಿಗೆ ತಿಳಿಯುತ್ತಿಲ್ಲ ಅನ್ನುವುದು ವ್ಯಾಪಾರಿಗೆ ತಿಳಿದುಹೋಯಿತು. ಜೀವಮಾನವೆಲ್ಲ ಬೆರಳಿನಲ್ಲೇ ಮಾತಾಡಿದವನು. ಬಾಗಿ ಇವನ ಕಿವಿಯ ಹತ್ತಿರ ಏನೋ ಅಂದ. ಇವನ ನಗು ಒಂದು ಕ್ಷಣ ಆರಿ, ಮತ್ತೆ ಹೊತ್ತಿಕೊಂಡಿತು. ತಲೆ ಕೆಳಗೆ ಮೇಲೆ ಆಡಿಸಿದ.

ವ್ಯಾಪಾರಿ ಟವಲ್ ಎತ್ತಿ ಹೆಗಲಿಗೆ ಹಾಕಿಕೊಂಡ. "ಮುಗೀತು."

"ಎಷ್ಟಕ್ಕೆ?" ಮಾಲೀಕ ಮೈಕ್ ಚಾಚಿದ.

"ಟವಲ್ ಕೆಳಗಿನ ರೇಟು ಬಾಯಿಗೆ ಬರಲ್ಲ ಸ್ವಾಮಿ. ಒಪ್ಪಿದ್ನೋ ಇಲ್ವೋ ಅವನನ್ನೇ ಕೇಳಿ."

ಮೈಕ್ ಇವನ ಬಾಯಿಗೆ ಬಂತು. "ಒಪ್ಪಿದೀನಿ" ಅಂದ. ಹೊಸ ಮೈಕಿನಲ್ಲಿ ಅದು ಹೆದ್ದಾರಿಯವರೆಗೆ ಕೇಳಿಸಿರಬೇಕು.

ಆಮೇಲೆ ಡಬ್ಬಿ ತೆರೆದಾಗ ಟಗರಿನ ಬಾಬ್ತು ಇದ್ದದ್ದು ಒಂದು ಕೋಳಿಯ ಬೆಲೆ. ವ್ಯಾಪಾರಿ ಕಿವಿಯಲ್ಲಿ ಅಂದದ್ದು "ಕೈ ವಿಷಯ ಯಾರಿಗೂ ಹೇಳಲ್ಲ, ಒಪ್ಕೋ" ಅಂತ. ಅದು ನನಗೆ ಆಮೇಲೆ ತಿಳಿದದ್ದು. ಇಲ್ಲಿ ಒಂದು ಮಾತು: ಗುಟ್ಟು ಕಾಯುತ್ತೇನೆ ಅಂದವನಿಗೆ ಒಂದೇ ಸಲಕ್ಕೆ ಪೂರ್ತಿ ಬೆಲೆ ಕೊಡಬಾರದು. ಕೊಟ್ಟ ಮೇಲೆ ಅವನು ಕಾಯುವುದು ಯಾತಕ್ಕೆ?

ಅವನು ಕಾಯಲಿಲ್ಲ. ಮೇಜಿಗೆ ಹೋಗಿ ಕೂತು ಒಂದು ಗ್ಲಾಸು ಇಳಿಸುವುದರೊಳಗೆ ಪಕ್ಕದವರಿಗೆ ಹೇಳಿದ. ಪಕ್ಕದಲ್ಲಿದ್ದವನು ತಮ್ಮ. ದುಷ್ಟತನದಿಂದ ಹೇಳಿದ ಅಂತ ನನಗೆ ಅನ್ನಿಸಲಿಲ್ಲ, ಒಳ್ಳೆಯ ತಮಾಷೆಯೊಂದು ಹೊಟ್ಟೆಯಲ್ಲಿ ನಿಲ್ಲಲಿಲ್ಲ ಅಷ್ಟೇ. ಇವನ ತಮ್ಮ ಗ್ಲಾಸು ಕೆಳಗಿಟ್ಟು ಅಣ್ಣನನ್ನು ನೋಡುತ್ತಾ ಕೂತ. ಆಮೇಲೆ ಎದ್ದು ಹೋಗಿ, "ಭೇಷ್ ಕಣಣ್ಣ" ಅಂತ ಅವನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಕುಲುಕುತ್ತಾ, ಹೆಬ್ಬೆರಳು ತೋರುಬೆರಳಿನ ನಡುವೆ ಮುಂಗೈ ಚರ್ಮವನ್ನು ಹಿಡಿದು ತಿರುಚಿದ. ಅಣ್ಣನ ಮುಖವನ್ನೇ ನೋಡುತ್ತಾ ತಿರುಚಿದ. ಆ ಮುಖದಲ್ಲಿ ನಗು ಹಾಗೇ ಇತ್ತು. ಅವನು ಮೇಜಿನ ಕಡೆ ತಿರುಗಿ ಹುಬ್ಬು ಹಾರಿಸಿದ. ಮೇಜು ಬಿದ್ದು ಬಿದ್ದು ನಕ್ಕಿತು.

ಆಮೇಲೆ ಸಾಲು ಹತ್ತಿತು. ಒಬ್ಬೊಬ್ಬರೇ ಎದ್ದು ಹೋಗಿ ಅಭಿನಂದನೆ ಹೇಳಿ ಕೈ ಕುಲುಕಿದರು. ಒಬ್ಬ ಉಗುರು ನಾಟಿಸಿದ. ಒಬ್ಬ ಸೋಡಾ ಬಾಟಲಿಯ ಮುಚ್ಚಳವನ್ನು ಅಂಗೈಯಲ್ಲಿ ಅಡಗಿಸಿಕೊಂಡು ಹೋಗಿ ಒತ್ತಿ ಹಿಡಿದ. ಕರಿಕೋಟಿನ ಯೋಗ್ಯ ಮನುಷ್ಯನೊಬ್ಬ, ಇತರರಿಗಿಂತ ತಾನು ಸಭ್ಯ ಅಂತ ತೋರಿಸಲೋ ಏನೋ, ಬರೀ ಮೆಲ್ಲಗೆ ಚಿವುಟಿ "ಒಳ್ಳೇದಾಗ್ಲಿ" ಅಂದ. ತುಮಕೂರಿನ ಹೆಂಗಸರು ಏನೂ ತಿಳಿಯದೆ ಎಷ್ಟು ಪ್ರೀತಿ ನೋಡಿ ಜನಕ್ಕೆ ಅಂದರು. ಅವನು ಬಂದವರಿಗೆಲ್ಲ ಬಾಗಿ ನಗುತ್ತಿದ್ದ.

ನಾನು ಹೋಗಿ ಪಕ್ಕದಲ್ಲಿ ನಿಂತೆ. "ಕೈ ಜೇಬಲ್ಲಿಟ್ಕೋ" ಅಂದೆ ಮೆಲ್ಲಗೆ.

"ಇರ್ಲಿ ಬುಡಕ್ಕ" ಅಂದ, ಬಾಯಿ ಅಲ್ಲಾಡಿಸದೆ. "ಜನ ವಿಶ್ವಾಸಕ್ಕೆ ಬತ್ತಾವ್ರೆ. ಇನ್ನೂ ಕೆಲಸದ್ದು ಹೇಳಿಲ್ಲ."

ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಎಲ್ಲ ಕಾಣುತ್ತಿತ್ತು. ಓಡಿ ಬರಲು ಹೊರಟವಳನ್ನು ನಾನು ಕಣ್ಣಿನಲ್ಲೇ ನಿಲ್ಲಿಸಿದೆ. ಅವಳು ಬಂದು ಕೈ ಕಿತ್ತುಕೊಂಡರೆ ಅಲ್ಲಿಗೆ ಮುಗಿಯಿತು. ಮಾಲೀಕ ಒಂದು ಮಾತು ಹೇಳಿಬಿಡಲಿ, ಆಮೇಲೆ ಇವರೆಲ್ಲರ ಕೈಗೂ ಹುಳ ಬೀಳಲಿ ಅಂತ ಕಾದೆ.

ಅಷ್ಟರಲ್ಲಿ ಅವನ ತಮ್ಮ ಗಾಜಿನ ಹಿಂದಿನ ಹಂಡೆಗಳ ಹತ್ತಿರ ಮಾಲೀಕನ ಜೊತೆ ಮಾತಾಡುತ್ತಿದ್ದುದನ್ನು ಕಂಡೆ. ಕೈ ಕಟ್ಟಿಕೊಂಡು, ತಲೆ ತಗ್ಗಿಸಿಕೊಂಡು, ಬಹಳ ಕಳಕಳಿಯವನ ಹಾಗೆ.

ಮಾಲೀಕ ಸ್ಟೇಜಿಗೆ ಬಂದ. ಇವನ ಭುಜದ ಮೇಲೆ ಕೈ ಹಾಕಿದ. "ಇವರು ಇವತ್ತಿಂದ ನಮ್ಮ ಗೋದಾಮಿನ ಕುಟುಂಬದವರು" ಅಂದ. ಚಪ್ಪಾಳೆ. "ಅದಕ್ಕೇ ಇವರಿಗೆ ನಮ್ಮ ಕಡೆಯಿಂದ…" ಅಂದು ನಿಲ್ಲಿಸಿದ. ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಾಲೀಕ ಬಗ್ಗಿ, ಮೇಜಿನ ಕೆಳಗಿನಿಂದ ಗೋದಾಮಿನ ಚಿತ್ರ ಅಚ್ಚಾದ ಟೀಶರ್ಟು ತೆಗೆದು ಇವನ ಎದೆಗೆ ಹಿಡಿದ. ಇನ್ನೂ ದೊಡ್ಡ ಚಪ್ಪಾಳೆ. ಫೋಟೋ. ಇವನು ಮೈಕಿನ ಕಡೆ ನೋಡುತ್ತಲೇ ಇದ್ದ, ಮುಂದೆ ಇನ್ನೂ ಏನೋ ಬರುತ್ತದೆ ಅಂತ. ಹಾಡಿನವರು ಡೋಲು ಬಿಗಿಯತೊಡಗಿದರು.

ಟಗರನ್ನು ಪಿಕಪ್ಪಿಗೆ ಎತ್ತಿ ಹಾಕುವಾಗ ಅದಕ್ಕೆ ನಿಲ್ಲಲು ಆಗುತ್ತಿರಲಿಲ್ಲ. ನಾಲ್ಕು ಕಾಲು ಕಟ್ಟಿ ಮೂಟೆಯ ಹಾಗೆ ಹಾಕಿದರು.

ಮಾರನೇ ದಿನ ನಾನು ಗೋದಾಮಿಗೆ ಹೋದೆ. ಮಾಲೀಕ ಕಾಫಿ ತರಿಸಿದ.

"ನೀವು ಮೊದ್ಲೇ ಹೇಳ್ಬೇಕಿತ್ತಕ್ಕ. ಕುದಿಯೋ ನೀರಲ್ಲಿ ಕೈ ಇಟ್ಕೊಂಡು ನಗ್ತಾ ನಿಂತಿದ್ರೆ ನಾನೇನು ಮಾಡ್ಲಿ? ಲೈಸೆನ್ಸು ಹೋಯ್ತದೆ. ಅವನ ತಮ್ಮ ದೊಡ್ಡ ಮನಸ್ಸು ಮಾಡಿ ಹೇಳ್ದ ಅಂತ ಉಳ್ಕೊಂಡೆ. ಅಣ್ಣನ ಮನೆ ನಾನು ನೋಡ್ಕೋತೀನಿ ಅಂದ. ಅವನನ್ನೇ ತಗೊಂಡಿದೀನಿ."

ಅವನ ಮಾತಿನಲ್ಲಿ ತಪ್ಪು ಹುಡುಕಲು ಹೋಗಿ ಸಿಗದೆ ನನಗೆ ಸಿಟ್ಟು ಬಂತು. ಆ ಜಾಗವನ್ನು ಅಣ್ಣನ ಹೆಂಡತಿಗೆ ಕೊಡು ಅಂದೆ. ಹೆಂಗಸರಿಗೆ ಹಂಡೆ ಮನೆ ಆಗಲ್ಲ ಅಂದ. ಗ್ಲಾಸು ತೊಳೆಯಲು ಇಟ್ಟುಕೋ ಅಂದೆ. ಮಿಷನ್ ಬರ್ತಾ ಐತೆ ಅಂದ. ಅರ್ಧ ಬೆಳಗ್ಗೆ ಹೀಗೇ ಹೋಯಿತು. ನಾನು ಅವತ್ತು ಗೆದ್ದದ್ದು ಬೆಲ್ಲದ ರೇಟಿನಲ್ಲಿ ಮಾತ್ರ. ಅಲ್ಲಿ ಅವನು ಬೇಗ ಒಪ್ಪಿದ, ಅವನಿಗೂ ನನ್ನನ್ನು ಬೇಗ ಸಾಗಹಾಕಬೇಕಿತ್ತು. ಬೆಲ್ಲ ಕೊಡುವುದನ್ನೇ ನಿಲ್ಲಿಸಬೇಕಿತ್ತು ಅಂತ ಕೆಲವರು ಅನ್ನುತ್ತಾರೆ. ನಿಲ್ಲಿಸಿದ್ದರೆ ನನ್ನ ಶೆಡ್ಡಿನ ಒಲೆ ಆರುತ್ತಿತ್ತು, ಬಿಯರ್ ಕಪ್ಪಾಗುವುದು ನಿಲ್ಲುತ್ತಿರಲಿಲ್ಲ.

ಒಂದು ವಾರ ಬಿಟ್ಟು ಅವನು ಶೆಡ್ಡಿಗೆ ಬಂದ. ಕುಂಟುತ್ತಾ ಬಂದು ಸೌದೆ ರಾಶಿಯ ಮೇಲೆ ಕೂತ. ಬಲಗೈಯ ಮೇಲೆ ಗುರುತುಗಳು ನೀಲಿಯಿಂದ ಹಳದಿಗೆ ತಿರುಗಿದ್ದವು. 

"ನೋಡಿದ್ರಲ್ಲ ನೀವು" ಅಂದ.

"ನೋಡ್ದೆ. ನಿಂಗೆ ಗೊತ್ತಾಗ್ಲಿಲ್ಲ ಅನ್ಕೊಂಡೆ."

"ಕೈಗೆ ಗೊತ್ತಾಗ್ದಿದ್ರೆ ಕಣ್ಣಿಗೂ ಕಾಣಲ್ವೇನಕ್ಕ? ಎಲ್ಲಾ ಕಾಣ್ತಿತ್ತು. ಸೋಡಾ ಮುಚ್ಚಳದೋನು ಯಾವ ಜೇಬಿಂದ ತಗ್ದ ಅನ್ನೋದೂ ಕಾಣ್ತು. ಕೈ ಎಳ್ಕೊಂಡ್ರೆ ಕೆಲಸ ಹೋಯ್ತದೆ ಅಂತ ನಿಂತಿದ್ದೆ." 

ನಾನು ಒಲೆಗೆ ಸೌದೆ ತಳ್ಳಿದೆ. ಬೆಲ್ಲದ ಪಾಕ ನೊರೆ ಬರುವ ಹದಕ್ಕೆ ಬಂದಿತ್ತು.

"ಮೊದ್ಲು ಬಂದೋನು ನನ್ನ ತಮ್ಮ" ಅಂದ. "ಅವನು ಬಂದಾಗ ನಾನು ಕೈ ಕಡೆ ನೋಡ್ಲಿಲ್ಲ, ಅವನ ಮುಖಾನೇ ನೋಡ್ತಿದ್ದೆ. ಅವನು ನಿಜವಾಗ್ಲೂ ಖುಷಿಗೆ ಬಂದ ಅನ್ಕೊಂಡಿದ್ದೆ. ಮನೇಲಿ ನಂಗೂ ನನ್ನೆಂಡ್ರಿಗೂ ಇದೇ ಜಗಳ. ಅವಳು ಅವನೂ ಚಿವುಟ್ದ ಅಂತಾಳೆ. ಅವನು ತಾಯಾಣೆ ಇಲ್ಲ ಅಂತಾನೆ. ನೀವು ಹತ್ರದಲ್ಲಿದ್ರಿ. ನೀವೇಳಿ."

ಸುಳ್ಳು ಹೇಳುವುದು ನನಗೆ ಕಷ್ಟವಲ್ಲ, ವ್ಯಾಪಾರದವಳು. ಆದರೆ ಅವರಿಬ್ಬರ ನಡುವೆ ಇರುವುದು ಒಂದು ಗೋಡೆ, ಒಂದು ಬೋರ್‌ವೆಲ್ಲು, ಪಾಲಾಗದ ತೋಟ. ಎದುರಿನವನು ಎಂಥವನು ಅನ್ನುವುದು ತಿಳಿಯದೆ ಪಾಲಿಗೆ ಕೂತರೆ ಇದ್ದಬದ್ದ ಮರಗಳೂ ಹೋಗುತ್ತವೆ. 

"ಚಿವುಟ್ಲಿಲ್ಲ" ಅಂದೆ. ಅವನು ತಲೆ ಎತ್ತಿದ. "ಹಿಡಿದು ತಿರುಚ್ದ. ನಿನ್ನ ಮುಖ ನೋಡ್ತಾನೇ ತಿರುಚ್ದ."

ಹೆದ್ದಾರಿಯ ಕಡೆಯಿಂದ ಗಾಳಿ ಬಂದಾಗ ಹೊಗೆ ಅವನ ಮುಖಕ್ಕೇ ಬಡಿಯಿತು. ಸರಿದು ಕೂರಲಿಲ್ಲ. ಆಮೇಲೆ, "ಇಲ್ಲಿ ಏನಾರ ಕೆಲಸ ಐತಾ?" ಅಂದ.

"ಆರಿದ ಬೆಲ್ಲ ಅಚ್ಚಿಂದ ಬಿಡಿಸಿ ಬುಟ್ಟಿಗೆ ತುಂಬೋದು ಐತೆ. ಒಲೆ ಹತ್ರ ಬರಂಗಿಲ್ಲ."

"ಕೂಲಿ?"

"ಅರ್ಧ. ಒಂದು ಕೈಗೆ ಅರ್ಧ."

ಅವನು ನನ್ನನ್ನು ದಿಟ್ಟಿಸಿ ನೋಡಿದ. "ಬುಟ್ಟಿ ಎತ್ತೋದು ಎರಡು ಕೈಲಿ. ಬೆಲ್ಲಕ್ಕೇನು ಗೊತ್ತಾಯ್ತದಾ ಯಾವ ಕೈಗೆ ಜೀವ ಐತೆ ಅಂತ? ಪೂರ್ತಿ ಕೊಡಿ."

"ಬಿಡಿಸೋವಾಗ ಅಚ್ಚು ಮುರಿದ್ರೆ?"

"ಮುರಿದಿದ್ದಕ್ಕೆ ಹಿಡ್ಕೊಳ್ಳಿ. ಮುರೀದೆ ಇದ್ದಿದ್ದಕ್ಕೆ ಯಾಕೆ ಹಿಡೀತೀರ?"

ಮುಕ್ಕಾಲು ಅಂದೆ. ಒಪ್ಪಲಿಲ್ಲ. ಮಧ್ಯಾಹ್ನದ ಊಟ ಸೇರಿಸಿ ಅಂದ. ನಿನ್ನ ಊಟ ನೀನೇ ತಾ, ಸಾರು ನಾನು ಕೊಡ್ತೀನಿ ಅಂದೆ. ಪಾಕ ಇಳಿಸುವ ಹೊತ್ತಾಗುವವರೆಗೆ ಎಳೆದಾಡಿದೆವು, ಮುಕ್ಕಾಲು ಕೂಲಿ ಮತ್ತು ಸಾರಿಗೆ ನಿಂತಿತು. ಅಷ್ಟು ಹೊತ್ತೂ ಅವನು ಒಂದು ಸಲವೂ ನಗಲಿಲ್ಲ. 

ನಾಳೆ ಬೆಳಗ್ಗೆ ಬಾ ಅಂದೆ.